ಮುಗಿಯದ ಬುಧವಾರ

ನಮ್ಮ ದೊಡ್ಡಪ್ಪ ನಮ್ಮಪ್ಪನ ಕೆನ್ನೆಗೆ ಹೊಡೆದದ್ದು ಒಂದು ಬುಧವಾರ ಬೆಳಿಗ್ಗೆ, ದೊಡ್ಡಬಳ್ಳಾಪುರದ ನಮ್ಮದೇ ಮಗ್ಗದ ಶೆಡ್ಡಿನಲ್ಲಿ, ಕೆಲಸದವರೆಲ್ಲರ ಎದುರಿಗೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಿಯುಸಿ ಮುಗಿಸಿದ್ದ ನಾನು ಮುಂದೆ ಓದಿಸುವವರಿಲ್ಲದೆ ಅದೇ ಶೆಡ್ಡಿನಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಗ್ಗಗಳ ಗದ್ದಲದಲ್ಲಿ ಏಟಿನ ಸದ್ದು ಕೇಳಿಸಲಿಲ್ಲ. ಅಪ್ಪನ ಕನ್ನಡಕ ಹಾರಿ ನೂಲಿನ ಬುಟ್ಟಿಗೆ ಬಿದ್ದದ್ದು ಮಾತ್ರ ಕಂಡಿತು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕೂ ಕಾರಣ ಸೀರೆಯ ಅಂಚಿನ ಹಂಸಗಳು. ಯಾವ ಎಳೆ ಮೇಲೆ ಬರಬೇಕು, ಯಾವುದು ಕೆಳಗಿರಬೇಕು ಎಂದು ಮಗ್ಗಕ್ಕೆ ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ಅವನ್ನು ಸಾಲಾಗಿ ದಾರದಲ್ಲಿ ಹೊಲಿದು, ಕೊನೆಯದನ್ನು ಮೊದಲನೆಯದಕ್ಕೆ ಸೇರಿಸಿ, ಮಾಲೆ ಮಾಡಿ ಮಗ್ಗದ ಮೇಲೆ ಹಾಕುತ್ತಾರೆ. ಮಾಲೆ ಒಂದು ಸುತ್ತು ಬಂದರೆ ಒಂದು ಹಂಸ. ಇನ್ನೊಂದು ಸುತ್ತಿಗೆ ಅದೇ ಹಂಸ ಮತ್ತೆ. ಕಾರ್ಡು ಹೊಡೆಯುವುದು, ಹೊಲಿಯುವುದು ಎರಡೂ ಅಪ್ಪನ ಕೆಲಸ. ಆ ಸಲ ಕಾರ್ಡುಗಳನ್ನು ಹೊಡೆದಿಟ್ಟು, ನೆಂಟರೊಬ್ಬರು ತೀರಿಕೊಂಡರೆಂದು ಹತ್ತಿರದ ಮಧುರೆ ಊರಿಗೆ ಹೋಗಿದ್ದರು. ದೊಡ್ಡಪ್ಪನಿಗೆ ಕಾಯುವ ತಾಳ್ಮೆ ಎಲ್ಲಿತ್ತು? ತಾವೇ ಕೂತು ಮಾಲೆ ಹೊಲಿದರು. ಹೊಲಿಯುವಾಗ ಒಂದು ಕಾರ್ಡು ಹಿಂದುಮುಂದಾಯಿತು. ಒಂದೊಂದು ಹಂಸದ ಕುತ್ತಿಗೆಗೂ ಕುಯ್ದ ಹಾಗೆ ಒಂದು ಗೆರೆ ಬಿತ್ತು. ಬೆಂಗಳೂರಿನ ಅಂಗಡಿಯವರು ಸೀರೆಗಳನ್ನು ವಾಪಸ್ ಕಳಿಸಿದರು. ಕಾರ್ಡು ಅಪ್ಪನ ಕೆಲಸವೆಂದು ಏಟು ಅಪ್ಪನಿಗೆ ಬಿತ್ತು.

ದೊಡ್ಡಪ್ಪ ಹೊಲಿಯುತ್ತಿದ್ದುದನ್ನು ನಾನು ನೋಡಿದ್ದೆ. ಕಾರ್ಡು ಕೈಗೆ ತೆಗೆದುಕೊಂಡ ಕೂಡಲೇ ಅಪ್ಪನಿಗೂ ತಿಳಿಯಿತು. ಆದರೆ ಅಣ್ಣನಿಗೆ ತಮ್ಮ ಎದುರಾಡುವ ಮನೆ ನಮ್ಮದಲ್ಲ. ನಾನು ಬಾಯಿ ತೆರೆಯುವುದಕ್ಕೂ ಅಪ್ಪ ಬಿಡದೆ ಕಣ್ಣಲ್ಲೇ ತಡೆದರು. ಕನ್ನಡಕ ಒರೆಸಿಕೊಂಡು, ದಾರ ಬಿಚ್ಚಿ, ಆ ಕಾರ್ಡನ್ನು ತಿರುಗಿಸಿ ಹೊಲಿದರು. ಹಂಸ ಸರಿಹೋಯಿತು. ನಾನು ಸರಿಹೋಗಲಿಲ್ಲ. ತಪ್ಪು ತಮ್ಮದೆಂದು ದೊಡ್ಡಪ್ಪ ಅದೇ ಶೆಡ್ಡಿನಲ್ಲಿ, ಅದೇ ಜನರ ಮುಂದೆ ಹೇಳಬೇಕು, ಅಷ್ಟೇ ನನಗೆ ಬೇಕಾಗಿದ್ದುದು.

ಎದುರಾಡಬಾರದು ಸರಿ, ಕಥೆ ಹೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಆಗೆಲ್ಲ ಹಗಲುಹೊತ್ತಿನಲ್ಲೇ ಕರೆಂಟು ಹೋಗುತ್ತಿತ್ತು. ಮಗ್ಗ ನಿಂತ ಕೂಡಲೇ ಹೆಂಗಸರು ಎಲೆಅಡಿಕೆ ಬಿಚ್ಚಿಕೊಂಡು ನನ್ನ ಸುತ್ತ ಕೂರುತ್ತಿದ್ದರು. ಒಬ್ಬ ಸಾಹುಕಾರನ ಕಥೆ ಶುರುಮಾಡಿದೆ. ಅವನು ತಮ್ಮನಿಗೆ ಹೊಡೆದು ರಾತ್ರಿ ಮಲಗುತ್ತಾನೆ, ಎದ್ದರೆ ಮತ್ತೆ ಅದೇ ಬುಧವಾರ. ಅದೇ ಹಾಲು ಉಕ್ಕುತ್ತದೆ, ಅದೇ ಹಲ್ಲಿ ಲೊಚಗುಟ್ಟುತ್ತದೆ, ಶೆಡ್ಡಿನಲ್ಲಿ ಅದೇ ತಮ್ಮ ತಲೆ ಬಗ್ಗಿಸಿ ಕೂತಿರುತ್ತಾನೆ. ದೊಡ್ಡಪ್ಪನನ್ನು ಬಹುವಚನದಲ್ಲೇ ಮಾತಾಡಿಸಬೇಕಿತ್ತು. ಸಾಹುಕಾರನನ್ನು ಅವನು, ಇವನು ಎನ್ನಬಹುದಿತ್ತು. ಆ ಸುಖವೇ ಬೇರೆ.

ಒಂದೇ ದಿನವನ್ನು ಅಷ್ಟು ಸಲ ಬದುಕಿದ ಮನುಷ್ಯ ಏನಾಗುತ್ತಾನೆ ಎಂಬುದರ ಮೇಲೆ ಹೆಂಗಸರಲ್ಲಿ ಜಗಳವೇ ನಡೆಯುತ್ತಿತ್ತು. ಹೊಡೆದು ಹೊಡೆದು ಬೇಜಾರಾಗಿ ಒಳ್ಳೆಯವನಾಗುತ್ತಾನೆ ಎಂದು ಕಸ ಗುಡಿಸುವ ಅಜ್ಜಿ ವಾದಿಸಿತು. ನಾನು ಒಪ್ಪಲಿಲ್ಲ. ನನ್ನ ಸಾಹುಕಾರ ಮೊದಲು ಹೆದರಿದ. ಆಮೇಲೆ ಚಾಲಾಕಿಯಾದ: ಯಾರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿದ್ದರಿಂದ ಮಹಾ ಬುದ್ಧಿವಂತನ ಹಾಗೆ ಮೆರೆದ. ನಾಳೆಗೆ ಯಾರಿಗೂ ನೆನಪಿರುವುದಿಲ್ಲ ಎಂದು ತಿಳಿದ ಮೇಲೆ ಇನ್ನಷ್ಟು ಕೆಟ್ಟವನಾದ. ಕೊನೆಗೆ ಅವನನ್ನು ಬೆರಗುಗೊಳಿಸುವ ಮಾತೊಂದೂ ಊರಲ್ಲಿ ಉಳಿಯಲಿಲ್ಲ. ನಗುವವರ ಮಧ್ಯೆ ಅವನೊಬ್ಬನೇ ನಗಲಾರದೆ ಕೂತ. ಅವನನ್ನು ಹಾಗೆ ಕೂರಿಸಿದ ದಿನ ನಾನು ಹೊಟ್ಟೆ ತುಂಬ ಉಂಡೆ.

ದೊಡ್ಡಪ್ಪ ದಡ್ಡರಲ್ಲ. ಬಾಗಿಲ ಬಳಿ ಬೀಡಿ ಸೇದುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಬೀಡಿ ಆರಿಸಿ ಕೇಳಿದರು, "ಏನವ್ವಾ, ಆ ಸಾಹುಕಾರ ಈಚೆಗ್ ಬರೋದು ಹೆಂಗೆ?"

"ಆ ಕಾರ್ಡ್ ಹೊಲ್ದಿದ್ದು ನಾನೇ ಅಂತ ಎಲ್ಲಾರ್ ಮುಂದೆ ಒಂದ್ ಮಾತ್ ಹೇಳಿದ್ರೆ ಸಾಕು ದೊಡ್ಡಪ್ಪ. ಗುರುವಾರ ಬಂದ್ಬಿಡುತ್ತೆ."

ದೊಡ್ಡಪ್ಪ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಹಾಳು ಕರೆಂಟು ಬಂತು. ಅವರು ಎದ್ದುಹೋಗಿ ಮಗ್ಗ ಚಾಲೂ ಮಾಡಿದರು. ಅದಾದ ಮೇಲೂ ಎಷ್ಟೋ ಸಲ ಕರೆಂಟು ಹೋಯಿತು, ಅವರ ಬಾಯಿಂದ ಆ ಮಾತು ಬರಲೇ ಇಲ್ಲ. ನಾನು ಪ್ರತಿ ಸಲವೂ ಸಾಹುಕಾರನನ್ನು ಅದೇ ಬುಧವಾರಕ್ಕೆ ಎಬ್ಬಿಸಿದೆ, ತಮ್ಮನ ಮೇಲೆ ಕೈ ಎತ್ತಿಸಿದೆ.

ಒಂದು ಸಂಜೆ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ಅಪ್ಪ ಹತ್ತಿರ ಕರೆದರು. "ಆ ಸಾಹುಕಾರನ್ನ ಬಿಟ್ಬಿಡಮ್ಮ," ಎಂದರು.

ಯಾಕೆ ಬಿಡಬೇಕೆಂದು ಸಿಡುಕಿದೆ.

"ಅವನಿಗೆ ದಿನಾ ಬುಧವಾರ ಆದ್ರೆ ನಂಗೂ ಅದೇ ತಾನೆ? ನೀನು ಕಥೆ ಹೇಳ್ದಾಗೆಲ್ಲ ಏಟು ಬೀಳೋದು ನನ್ ಕೆನ್ನೆಗೆ ಕಣಮ್ಮ."

ನನಗೆ ಊಟ ಸೇರಲಿಲ್ಲ. ಹಾಗೆಂದು ಸಿಟ್ಟೂ ಇಳಿಯಲಿಲ್ಲ.

ಮಾರನೆಯ ದಿನ ಕರೆಂಟು ಹೋದಾಗ ಕಥೆ ಮುಂದುವರಿಸಿದೆ. ಸಾಹುಕಾರ ಎದ್ದ, ಅದೇ ಬುಧವಾರ. ಹಾಲು ಉಕ್ಕಿತು, ಹಲ್ಲಿ ಲೊಚಗುಟ್ಟಿತು. ಶೆಡ್ಡಿಗೆ ಬಂದು ಕೈ ಎತ್ತಿದರೆ ತಮ್ಮ ಕೂರುವ ಮಣೆ ಖಾಲಿ. ತಮ್ಮನಿಗೆ ಗುರುವಾರ ಬಂದಿತ್ತು, ಅವನು ಹೊರಟುಹೋಗಿದ್ದ. ಸಾಹುಕಾರ ಊರೆಲ್ಲ ಹುಡುಕಿದ. ನಿಮಗೆ ತಮ್ಮನೇ ಇಲ್ಲವಲ್ಲ ಎಂದರು ಜನ. ಈಗ ತಪ್ಪು ತನ್ನದೆಂದು ಹೇಳುವುದಕ್ಕೆ ಅವನು ತಯಾರು, ಕೇಳಬೇಕಾದವನು ಮಾತ್ರ ಇಲ್ಲ. ಮುಂದೇನೆಂದು ಅಜ್ಜಿ ಕೇಳಿತು. ಮುಂದೇನೂ ಇಲ್ಲ, ಕಥೆ ಇಷ್ಟೇ ಎಂದೆ.

ಬಾಗಿಲ ಬಳಿಯಿದ್ದ ದೊಡ್ಡಪ್ಪ ತಟ್ಟನೆ ಮೂಲೆಯ ಕಡೆ ತಿರುಗಿ ನೋಡಿದರು. ಅಪ್ಪ ಅಲ್ಲೇ ಮಣೆಯ ಮೇಲೆ ಕಾರ್ಡು ಹೊಲಿಯುತ್ತಿದ್ದರು. ಅಣ್ಣ ನೋಡುತ್ತಿರುವುದು ಗೊತ್ತಿದ್ದೂ ತಲೆ ಎತ್ತಲಿಲ್ಲ.

ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಸಾಹುಕಾರನನ್ನು ನಾನು ಇನ್ನೂ ಬಿಟ್ಟಿಲ್ಲ.