ಬೋರ್ಡಿನ ಸಾಹೇಬರು ಒರೆಸಿದ ದೇವಿ

ಕೀರ್ತಿಯೆಂಬುದು ಕಾಲವನ್ನು ಮೀರಿ ನಿಲ್ಲುವಂಥದ್ದು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮುಳಬಾಗಿಲಿನಲ್ಲಿ ಅದನ್ನು ಹುಣಸೆಬೀಜದ ಅಂಟಿನಲ್ಲಿ ಕಲಸುತ್ತಿದ್ದರು. ಒಂದು ಮಳೆ ಬಿದ್ದರೆ ಇಳಿದುಹೋಗುತ್ತಿತ್ತು.

ಮೊನ್ನೆ ಪಕ್ಕದ ಮನೆಯಾಕೆ ಹಳೆಯ ಮೊರಕ್ಕೆ ಕಾಗದ ಮೆತ್ತಲೆಂದು ಹುಣಸೆಬೀಜ ಬೇಯಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಬೋರ್ಡಿನ ಸಾಹೇಬರು ನೆನಪಾದರು...

ಎರಡನೆಯ ಮಹಾಯುದ್ಧದ ಕಾಲ. ಊರಾಚೆಯ ಬಯಲಿಗೆ ಟೆಂಟ್ ಸಿನಿಮಾ ಬಂದಿತ್ತು. ಹುಣಸೆಬೀಜದ ಅಂಟಿನಲ್ಲಿ ಬಣ್ಣ ಕಲಸಿ ಅದರ ಬೋರ್ಡು ಬರೆಯುತ್ತಿದ್ದವರು ಈ ಸಾಹೇಬರು. ಅವರ ಮನೆಯ ಒಲೆ ಉರಿಯುತ್ತಿದ್ದುದು ಅದೊಂದೇ ಕೆಲಸದಿಂದ. ನೋಟೀಸು ಬರೆಯುತ್ತಿದ್ದವನು ನಾನು. ಹಗಲು ಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಲಿಸಿ, ಸಂಜೆ ಬಂದು ‘ಚಂದ್ರನೂ ನಾಚುವ ಚೆಲುವೆ’ ಎಂದು ಬರೆಯುತ್ತಿದ್ದೆ. ಚಂದ್ರನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಆ ಸಲ ಬಂದದ್ದು ದೇವಿಯ ಕಥೆಯ ಸಿನಿಮಾ. ಟೆಂಟಿನ ಮ್ಯಾನೇಜರು ದೇವಿಯಾಗಿದ್ದ ನಟಿಯದೊಂದು ಅಂಗೈಯಗಲದ ಫೋಟೋ ಕೊಟ್ಟು, "ಬಣ್ಣ ಗುಲಾಬಿ ಇರ್ಲಿ. ಕಣ್ಣು ಕಿವಿತನಕ ಎಳೀರಿ" ಎಂದರು. ಸಾಹೇಬರು ಎಳೆದರು. ತಾಯಲೂರಿನಿಂದ ಗಾಡಿ ಕಟ್ಟಿಕೊಂಡು ಬಂದ ಹೆಂಗಸರು ಮೊದಲು ಬೋರ್ಡಿಗೆ ಕುಂಕುಮವಿಟ್ಟು ಕೈಮುಗಿದು, ಆಮೇಲೆ ಟಿಕೆಟ್ಟಿಗೆ ಹೋಗುತ್ತಿದ್ದರು. ಮ್ಯಾನೇಜರಿಗೂ ಆ ದಿನಗಳಲ್ಲಿ ಭಕ್ತಿ ಬಹಳ ಹೆಚ್ಚಿತ್ತು.

ಒಂದು ಭಾನುವಾರ ಮಧ್ಯಾಹ್ನ, ಮದರಾಸಿನಿಂದ ಬೆಂಗಳೂರಿಗೆ ಹೋಗುತ್ತಿದ್ದ ಕಾರೊಂದು ಟೆಂಟಿನ ಮುಂದೆ ನಿಂತಿತು. ಇಳಿದವರು ಯಾರೆಂದು ಡ್ರೈವರು ಹೇಳಿದ ಮೇಲೆ ನಮಗೆ ಗೊತ್ತಾಯಿತು. ಆ ನಟಿಯೇ! ಗಿಡ್ಡ ಆಳು, ಕಪ್ಪು ಮೈ, ಕೆನ್ನೆಯ ತುಂಬ ಸಿಡುಬಿನ ಕಲೆ. ಬೋರ್ಡಿನ ಮುಂದೆ ನಿಂತು ನೋಡತೊಡಗಿದರು.

"ಕೊಂಚ ಪಕ್ಕಕ್ಕೆ ಸರಿಯಮ್ಮಾಯಿ, ತಾಯಿಗೆ ಕುಂಕುಮ ಇಡ್ಬೇಕು" ಎಂದಳು ತಾಯಲೂರಿನ ಮುದುಕಿಯೊಬ್ಬಳು.

ಆಕೆ ಸರಿದು ನಿಂತರು. ಮುಖ ಸಣ್ಣಗಾಯಿತು. ಅದನ್ನು ಸಾಹೇಬರು ಕಂಡರು...

ಮ್ಯಾನೇಜರು ನಮ್ಮಿಬ್ಬರನ್ನೂ ಅತ್ತ ಎಳೆದುಕೊಂಡು, "ಮೊದ್ಲು ಕಾರಿಗೆ ಹತ್ತಿಸ್ರಿ! ಜನ ಈ ಮುಖ ನೋಡಿದ್ರೆ ನಾಳೆಯಿಂದ ಟೆಂಟಲ್ಲಿ ನಾಯಿ ಮಲಗಿರ್ತವೆ" ಎಂದರು.

"ಮುಖ ಆಯಮ್ಮಂದು ಸಾರ್, ಸುಳ್ಳು ನಂದು" ಎಂದರು ಸಾಹೇಬರು. "ನಂದನ್ನ ನಾನು ಒರೆಸ್ಕೋತೀನಿ."

"ಒರೆಸಿ ನೋಡಿ. ಮತ್ತೆ ಈ ಕಡೆ ತಲೆ ಹಾಕ್ಬೇಡಿ."

ಸಾಹೇಬರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಒಂದು ಚೊಂಬು ನೀರು ಕೊಡ್ತೀರಾ?"

ಕೊಟ್ಟೆ. ನನ್ನ ಜೀವಮಾನದ ಶೌರ್ಯವೆಲ್ಲ ಆ ಒಂದು ಚೊಂಬಿನಲ್ಲೇ ಮುಗಿಯಿತು.

ಒದ್ದೆ ಬಟ್ಟೆಯಲ್ಲಿ ನಾಲ್ಕು ಸಲ ಎಳೆದರೋ ಇಲ್ಲವೋ, ಗುಲಾಬಿ ದೇವಿ ಕೆಸರಾಗಿ ನೆಲಕ್ಕಿಳಿದಳು. ಹೆಂಗಸರು ಹೋ ಎಂದರು. ಸಾಹೇಬರು ರೀಲಿನ ಪೆಟ್ಟಿಗೆಯೊಂದನ್ನು ತಂದಿಟ್ಟು, "ಕೂತ್ಕೊಳ್ಳಿ ಅಮ್ಮಾ" ಎಂದರು. ಆಕೆ ಕೂತರು. ಊರೆಲ್ಲ ಸುತ್ತ ನಿಂತು ನೋಡುತ್ತಿರಲು, ಹೊತ್ತಿಳಿಯುವವರೆಗೂ ಸಾಹೇಬರು ಬರೆದರು. ಮೈಬಣ್ಣ ಇದ್ದಂತೆ ಬಂತು, ಕಲೆಗಳೂ ಬಂದವು. ಒರೆಸದೆ ಬಿಟ್ಟಿದ್ದ ಕಿರೀಟ ಮಾತ್ರ ಹಾಗೇ ಉಳಿಯಿತು.

ಆಕೆ ಎದ್ದು ನೋಡಿ, "ಮೂಗು ಸ್ವಲ್ಪ ದೊಡ್ಡದಾಯ್ತಲ್ಲ?" ಎಂದರು.

"ಇರೋದೇ ಅಷ್ಟು ಅಮ್ಮಾ."

ಆಕೆ ನಕ್ಕದ್ದು ನನಗಿನ್ನೂ ಕೇಳಿಸುತ್ತದೆ.

ಬೆಂಗಳೂರಿನಿಂದ ಬೇರೆ ಬೋರ್ಡು ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಕೆಲವರು ಕುಂಕುಮವಿಟ್ಟರು, ಕೆಲವರು ಇಡಲಿಲ್ಲ. ಟೆಂಟು ಮಾತ್ರ ತುಂಬಿಯೇ ಇತ್ತು. ನಾಯಿಗಳಿಗೆ ಜಾಗ ಸಿಗಲಿಲ್ಲ. ಆದರೂ ಸಾಹೇಬರ ಕೆಲಸ ಹೋಯಿತು. ನಾನು ಚಂದ್ರನನ್ನು ನಾಚಿಸುವುದನ್ನು ಬಿಡಲಿಲ್ಲ. ಹೇಳಿಕೊಳ್ಳಲು ಈಗಲೂ ಹಿತವಿಲ್ಲ.

ಈಗ ಆ ಬಯಲಿನ ತುಂಬ ಮನೆಗಳು. ಸಾಹೇಬರಿಲ್ಲ. ಅವರ ಕೈಯ ಒಂದು ಗೆರೆಯೂ ಎಲ್ಲೂ ಉಳಿದಿಲ್ಲ... ಕೆಲಸ ಹೋದ ಮರುವರ್ಷ ಮ್ಯಾನೇಜರು, ಮತ್ತೆ ಬೋರ್ಡು ಬರೆಯಲು ಬನ್ನಿ ಎಂದು ಎರಡು ಸಲ ಹೇಳಿಕಳಿಸಿದರು. ಸಾಹೇಬರು ಹೋಗಲಿಲ್ಲ, ಅಂಗಡಿಗಳ ತಗಡಿನ ಫಲಕಕ್ಕೆ ಅಕ್ಷರ ಬರೆದು ಬದುಕಿದರು.