ಕಾಲಿಗೆ ನೀರು ಕೇಳುತ್ತಿದ್ದವಳು

ಪುಟ್ಟಮಾದಮ್ಮ ಯಾರ ಮನೆಯ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಬೀದಿಯಲ್ಲೇ ನಿಂತು, ಚಪ್ಪಲಿ ಬಿಟ್ಟು, "ಕಾಲ್ಗ ವಸಿ ನೀರ್ ಕೊಡವ್ವ" ಎನ್ನುತ್ತಿದ್ದಳು. ಅಷ್ಟೇ. ಕೊರೊನಾ ಕಾಲದಲ್ಲಿ ಆರೋಗ್ಯ ಇಲಾಖೆಯವರು ಅಂದರೆ ಹಗಲು ಹೊತ್ತಿನಲ್ಲೇ ಅಗುಳಿ ಬೀಳುತ್ತಿದ್ದ ಊರು ಅದು. ಆದರೆ ಮನೆ ಮುಂದೆ ಬಂದು ಕಾಲಿಗೆ ನೀರು ಕೇಳಿದವರಿಗೆ ಇಲ್ಲ ಅನ್ನಲು ನಮ್ಮ ಕಡೆ ಯಾರಿಗೂ ಬಾಯಿ ಬರುವುದಿಲ್ಲ. ಚೊಂಬು ತರಲು ಬಾಗಿಲು ತೆರೆಯಲೇಬೇಕು. ತೆರೆದ ಬಾಗಿಲಿನ ಮುಂದೆ ಪುಟ್ಟಮಾದಮ್ಮ ಹಿಮ್ಮಡಿ ಉಜ್ಜುತ್ತಾ, ಅವಸರವೇ ಇಲ್ಲದವಳ ಹಾಗೆ, "ಮಕ್ಕ ಎಂಗವ್ರೆ? ನಿಮ್ಮತ್ತೆ ಕೆಮ್ಮು ನಿಂತ್ಕತಾ?" ಎಂದು ಶುರು ಮಾಡುತ್ತಿದ್ದಳು. ಕಾಲು ಒಣಗುವ ಹೊತ್ತಿಗೆ ಆ ಮನೆಯ ಜ್ವರ, ಕೆಮ್ಮು, ಬೆಂಗಳೂರಿಂದ ಗುಟ್ಟಾಗಿ ಬಂದು ಅಟ್ಟದ ಮೇಲೆ ಮಲಗಿರುವ ಅಳಿಯ, ಎಲ್ಲಾ ಹೊರಗೆ ಬಂದಿರುತ್ತಿತ್ತು.

ಆಕೆ ಆ ಊರಿನ ಆಶಾ ಕಾರ್ಯಕರ್ತೆ. ನಾನು ಅಲ್ಲಿನ ಉಪಕೇಂದ್ರದ ಸಿಸ್ಟರ್. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು ಎರಡು ಮೈಲಿ ನಡೆದರೆ ಸಿಗುವ ರೇಷ್ಮೆ ಬೆಳೆಯುವ ಊರು. ನಾನು ಸರ್ಕಾರಿ ತರಬೇತಿ ಪಡೆದವಳು, ಆಕೆ ಏಳನೇ ಕ್ಲಾಸು. ನನ್ನ ಕೈಕೆಳಗೆ ಕೆಲಸ ಮಾಡುವವಳು. ಮೊದಲೇ ಹೇಳಿಬಿಡುತ್ತೇನೆ, ಪುಟ್ಟಮಾದಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೊಟ್ಟೆಕಿಚ್ಚು ಮೊದಲು ಬಂತು, ಮತ್ತೆ ಹೋಗಲೇ ಇಲ್ಲ.

ಆಕೆಯ ಉಪಾಯವನ್ನು ನಾನೂ ಒಂದು ಸಲ ಮಾಡಿ ನೋಡಿದೆ. ಮಾಸ್ಕು, ಗ್ಲೌಸು, ತಲೆಗೆ ಟೋಪಿ ಎಲ್ಲಾ ತೊಟ್ಟು ಒಂದು ಮನೆಯ ಮುಂದೆ ನಿಂತು "ಕಾಲಿಗೆ ನೀರು ಕೊಡಿ" ಎಂದೆ. ಒಂದು ಮುದುಕಿ ಕಿಟಕಿಯಿಂದ ಇಣುಕಿ ನನ್ನ ಕಾಲು ನೋಡಿದಳು. "ಬೂಟ್ಸ್ ಆಕ್ಕಂಡಿದ್ದೀಯಲ್ಲವ್ವ, ನೀರ್ ಎಲ್ಗ ಉಯ್ಕತೀಯ?" ಎಂದು ಕಿಟಕಿ ಹಾಕಿಕೊಂಡಳು. ಇದನ್ನು ಕೇಳಿ ಪುಟ್ಟಮಾದಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನನಗೆ ಮೈಯೆಲ್ಲಾ ಉರಿದುಹೋಯಿತು.

ಎರಡನೇ ಅಲೆಯಲ್ಲಿ ನಗುವುದಕ್ಕೂ ಪುರುಸೊತ್ತಿರಲಿಲ್ಲ. ದಿನಾ ಯಾರಿಗಾದರೂ ಜ್ವರ. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಉಸಿರು ಚೆನ್ನಾಗಿರುವವರು ಮನೆಯಲ್ಲೇ ಬೇರೆ ಇರಲಿ ಎಂದು ನಮಗೆ ಆದೇಶ ಬಂತು. ಒಂದೇ ನಡುಮನೆಯಲ್ಲಿ ಎಂಟು ಜನ ಮಲಗುವ ಕಡೆ ಬೇರೆ ಎಲ್ಲಿರುವುದು? ನಾನು ಬಾಗಿಲಿಗೆ ಅಂಟಿಸುವ ನೋಟಿಸು ಹಿಡಿದು ಜೀಪಿನಲ್ಲಿ ಹೋಗುತ್ತಿದ್ದೆ. ಜೀಪಿನ ಸದ್ದು ಕೇಳಿದರೆ ಸಾಕು, ಜ್ವರ ಬಂದವರು ಹಿತ್ತಲಿಂದ ಹಿಪ್ಪುನೇರಳೆ ತೋಟಕ್ಕೆ ನುಗ್ಗುತ್ತಿದ್ದರು. ಆಳೆತ್ತರದ ಗಿಡ, ಒಳಗೆ ಹೊಕ್ಕರೆ ಹುಡುಕಲಾಗದು.

ಸಿದ್ದಪ್ಪ ಎನ್ನುವ ರೈತ ಹಾಗೆ ಹೊಕ್ಕಿದ್ದ. ನಾನು ಬದುವಿನ ಮೇಲೆ ನಿಂತು ಅವನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಗಿಡದೊಳಗಿಂದ ಕೆಮ್ಮು ಕೇಳುತ್ತಿತ್ತು, ಆಸಾಮಿ ಬರಲೊಲ್ಲ. ಅಷ್ಟರಲ್ಲಿ ಪುಟ್ಟಮಾದಮ್ಮ ಬಂದು ಅವನ ಮನೆ ಮುಂದೆ ಕಾಲಿಗೆ ನೀರು ಕೇಳಿದಳು. ಸಿದ್ದಪ್ಪನ ಹೆಂಡತಿ ಚೊಂಬು ತಂದಳು.

"ಹುಳ ಎಷ್ಟ್ ದಿನದ್ವು?" ಎಂದು ಕೇಳಿದಳು ಪುಟ್ಟಮಾದಮ್ಮ.

"ಈಗ ಹುಳ ಇಲ್ಲಕ್ಕ. ಗೂಡು ಬಿಡಿಸ್ಬುಟ್ಟು, ಹುಳದ ಮನೆ ತೊಳ್ದು ಸುಣ್ಣ ಬಳ್ದು ಬುಟ್ಟಿವಿ."

"ಹುಳ ಇರುವಾಗ ಆ ಮನೆ ಒಳಕ್ಕ ಯಾರ್ನಾರ ಬುಡ್ತೀಯಾ?"

"ಉಂಟಾ? ಕಾಲು ತೊಳೀದೆ ನನ್ ಗಂಡನ್ನೇ ಬುಡಾಕಿಲ್ಲ. ರೋಗ ತಂದ್ಬುಟ್ಟಾರು."

"ಹುಳಕ್ಕ ಅಷ್ಟ್ ಮಾಡ್ತೀಯ. ನಿನ್ ಮಕ್ಕ ಹುಳಕ್ಕಿಂತ ಕಡ್ಮೆಯಾ ತಾಯಿ? ನಿನ್ ಗಂಡನ್ನ ಕರ್ಕಂಡೋಗಿ ಆ ಹುಳದ ಮನೇಲಿ ಮಲಗ್ಸು. ಗಾಳಿ ಆಡ್ತದೆ, ಸುಣ್ಣ ಬಳ್ದದೆ. ಅನ್ನ ಬಾಗ್ಲಲ್ಲಿ ಮಡಗು. ಹುಳ ಮೇಯ್ಸೋವಾಗ ಎಂಗಿರ್ತೀಯೋ ಅಂಗೇ ಇರು. ನಿಂಗ ನಾನೇನ್ ಕಲಿಸ್ಬೇಕು?"

ಆ ಹೆಂಗಸು ಚೊಂಬನ್ನು ಜಗಲಿಯ ಮೇಲಿಟ್ಟಳು. ಆಮೇಲೆ ತೋಟದ ಕಡೆ ತಿರುಗಿ, "ಬನ್ನಿ ಆಚ್ಗ, ಜೀಪ್ಗ ಆಕಾಕಿಲ್ವಂತೆ, ಹುಳದ ಮನೇಲಿ ಮಲಗೋದಂತೆ" ಎಂದು ಕೂಗಿದಳು. ಸಿದ್ದಪ್ಪ ತಲೆಗೆ ಟವೆಲು ಸುತ್ತಿಕೊಂಡು, ತಪ್ಪು ಮಾಡಿದವನ ಹಾಗೆ ಗಿಡ ಸರಿಸಿಕೊಂಡು ಬಂದ. ನೋಟಿಸು ನನ್ನ ಕೈಯಲ್ಲೇ ಉಳಿಯಿತು.

ಊರಿನ ರೇಷ್ಮೆ ಬೆಳೆಗಾರರಿಗೆ ರೋಗ ಹರಡುವುದು ಹೇಗೆಂದು ಹುಟ್ಟಿದಾಗಿನಿಂದ ಗೊತ್ತು. ಹುಳು ಸಾಕುವ ಮನೆ ಬೇರೆಯೇ ಇರುತ್ತದೆ, ಹೊಸಿಲಲ್ಲಿ ಬ್ಲೀಚಿಂಗ್ ಪುಡಿ ಚೆಲ್ಲಿರುತ್ತದೆ, ಕೈಕಾಲು ತೊಳೆಯದೆ ನರಪಿಳ್ಳೆಯೂ ಒಳಗೆ ಹೋಗುವಂತಿಲ್ಲ. ಕರಪತ್ರ ಹಂಚಿ ಹಂಚಿ ನಾನು ಹೇಳಲಾಗದ್ದನ್ನು ಆಕೆ ಅವರದೇ ಹುಳದ ಮನೆ ತೋರಿಸಿ ಹೇಳಿದಳು. ಒಂದೊಂದಾಗಿ ಹುಳದ ಮನೆಗಳು ತೆರೆದವು. ದಿನಾ ಬೆಳಿಗ್ಗೆ ಪುಟ್ಟಮಾದಮ್ಮ ಬೆರಳಿಗೆ ಸಿಕ್ಕಿಸುವ ಮೀಟರು ಹಿಡಿದು ಆ ಬಾಗಿಲುಗಳಿಗೆ ಹೋಗಿ, ಉಸಿರು ಕಡಿಮೆ ತೋರಿಸಿದವರ ಹೆಸರನ್ನು ನನಗೆ ಫೋನು ಮಾಡಿ ಹೇಳುತ್ತಿದ್ದಳು. ಮಾತ್ರೆ ಕೊಟ್ಟವಳು ನಾನು. ಆಂಬುಲೆನ್ಸಿನವರ ಕಾಲು ಹಿಡಿದು ಕರೆಸಿದವಳು ನಾನು. ಮೂರು ತಿಂಗಳು ನನ್ನ ಮಗಳನ್ನು ಮುಟ್ಟದೆ ಇದ್ದವಳೂ ನಾನೇ. ಊರಿನವರು ಮಾತ್ರ ಹುಷಾರಾದ ಮೇಲೆ ಮಾದಮ್ಮಕ್ಕನ ಮನೆಗೆ ಬಾಳೆಗೊನೆ ಹೊತ್ತರು.

ಒಂದು ದಿನ ತಡೆಯಲಾರದೆ, "ಈ ಜನ ನನ್ನ ಹತ್ತಿರ ಯಾಕೆ ಸುಳ್ಳು ಹೇಳುತ್ತಾರೆ ಮಾದಮ್ಮ?" ಎಂದು ಕೇಳಿದೆ.

"ಸುಳ್ಳಲ್ಲ ಸಿಸ್ಟರ್, ಎದ್ರಿಕೆ. ನೀವು ಬರ್ಕತೀರಲ್ಲ, ಅದ್ಕೆ" ಎಂದಳು.

"ಬರೆಯದೆ ಇರಲಿಕ್ಕಾಗುತ್ತಾ?"

"ಬರ್ಕಳಿ. ವಸಿ ಕುಂತ್ಕಂಡು, ಆಮೇಲೆ ಬರ್ಕಳಿ."

ನನಗೆ ಪಾಠ ಹೇಳುತ್ತಾಳಲ್ಲ ಅನ್ನಿಸಿತು. ಆ ದಿನವೆಲ್ಲಾ ಆಕೆಯೊಡನೆ ಬಿಗುವಾಗಿಯೇ ಇದ್ದೆ. ಆಕೆಗೆ ಅದು ಗೊತ್ತೇ ಆಗಲಿಲ್ಲ, ಅಥವಾ ಗೊತ್ತಾಗದ ಹಾಗೆ ಇದ್ದಳು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಮ್ಮವ್ವನ ವಿಷಯ ಮಾತ್ರ ನುಂಗಲಾಗಲಿಲ್ಲ. ಅವ್ವ ಮುಳ್ಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಸಕ್ಕರೆ ಕಾಯಿಲೆ ಇದ್ದವಳು, ಲಸಿಕೆ ಹಾಕಿಸಿಕೋ ಎಂದರೆ ಸುತರಾಂ ಒಲ್ಲೆ ಎನ್ನುತ್ತಿದ್ದಳು. ನಾಲ್ಕು ಸಲ ಹೋದೆ. ಬೈದೆ, ಅತ್ತೆ, ಸತ್ತರೆ ನನ್ನನ್ನು ಕೇಳಬೇಡ ಎಂದೂ ಅಂದೆ. ಹಿತ್ತಲ ಗಿಡ ಮದ್ದಲ್ಲ. ಊರಿಗೆಲ್ಲಾ ಸೂಜಿ ಚುಚ್ಚುವ ಸಿಸ್ಟರಿನ ತಾಯಿಯೇ ಹಾಕಿಸಿಕೊಂಡಿಲ್ಲ ಎಂದು ಜನ ಆಡಿಕೊಳ್ಳುವಂತಾಯಿತು. ಪುಟ್ಟಮಾದಮ್ಮನ ಮುಂದೆ ಒಮ್ಮೆ ಇದನ್ನು ಹೇಳಿ ಕಣ್ಣೊರೆಸಿಕೊಂಡಿದ್ದೆ, ಅಷ್ಟೇ.

ಮುಂದಿನ ಭಾನುವಾರ ಮುಳ್ಳೂರಿಗೆ ಹೋದರೆ ಅವ್ವ ರಟ್ಟೆ ಉಜ್ಜಿಕೊಳ್ಳುತ್ತಾ ಜಗಲಿಯ ಮೇಲೆ ಕೂತಿದ್ದಾಳೆ. ಪುಟ್ಟಮಾದಮ್ಮ ತನ್ನ ತಂಗಿಯನ್ನು ಕೊಟ್ಟಿರುವುದೂ ಮುಳ್ಳೂರಿಗೇ. ತಂಗಿಯನ್ನು ನೋಡಲು ಬಂದವಳು ನಮ್ಮ ಮನೆ ಮುಂದೆ ನಿಂತು ಕಾಲಿಗೆ ನೀರು ಕೇಳಿದ್ದಳು. ಅವ್ವನ ಜೊತೆ ಒಂದು ಮೊರ ಕಡಲೆಕಾಯಿ ಬಿಡಿಸಿ, ಎದ್ದು, ಕೈ ಹಿಡಿದುಕೊಂಡು ಲಸಿಕೆ ಹಾಕುವ ಜಾಗಕ್ಕೆ ಕರೆದುಕೊಂಡು ಹೋಗಿದ್ದಳು.

"ನಾನು ಹೇಳಿದ್ದನ್ನೇ ತಾನೇ ಅವಳೂ ಹೇಳಿದ್ದು?" ಎಂದೆ.

"ಅವ್ಳೇನೂ ಯೋಳ್ನಿಲ್ಲ ಕಣೆ" ಎಂದಳು ಅವ್ವ. "ನಂಗೂ ಎದೆ ಡವಡವ ಅಂತಿತ್ತು ಅವ್ವ, ಕಣ್ ಮುಚ್ಕಂಡು ಚುಚ್ಚುಸ್ಕಂಡೆ ಅಂದ್ಳು. ನೀನು ಯಾವತ್ತಾರ ಎದ್ರಿಕೆ ಆಯ್ತದೆ ಅಂತ ನನ್ ಕುಟ್ಟೆ ಅಂದಿದ್ದೀಯಾ? ಬೈಯಾಕೇ ಬತ್ತೀಯ. ಅಂತೋಳು ನನ್ನೊಟ್ಟೇಲಿ ಉಟ್ಬೇಕಾಗಿತ್ತು."

ನಾನು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ. ಅವ್ವ ಉಳಿದಳು ಎಂಬ ಸಮಾಧಾನ ಬರಬೇಕಾದ ಜಾಗದಲ್ಲಿ ಬೆಂಕಿ ಬಿದ್ದಿತ್ತು. ಊರನ್ನು ತೆಗೆದುಕೊಂಡಳು, ಹೋಗಲಿ, ನನ್ನ ಹೆತ್ತವ್ವನನ್ನೂ ತೆಗೆದುಕೊಂಡಳಲ್ಲ.

ಅದೇ ವಾರ ಹನೂರಿನ ಆಸ್ಪತ್ರೆಯ ಡಾಕ್ಟರಿಂದ ಒಂದು ಸೂಚನೆ ಬಂತು. ಕೊಳ್ಳೇಗಾಲದಲ್ಲಿ ಕೊರೊನಾ ಕೆಲಸ ಮಾಡಿದವರಿಗೆ ಸನ್ಮಾನವಿದೆ, ಪ್ರತಿ ಉಪಕೇಂದ್ರದಿಂದ ಒಬ್ಬರ ಹೆಸರು ಬರೆದು, ಅವರು ಮಾಡಿದ ಕೆಲಸವನ್ನು ಒಂದು ಹಾಳೆಯಲ್ಲಿ ವಿವರಿಸಿ ಕಳಿಸಿ ಎಂದು. ಮಧ್ಯಾಹ್ನ ಮೇಜಿನ ಮುಂದೆ ಕೂತು ನಾನು ನನ್ನ ಹೆಸರೇ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. "ರೇಷ್ಮೆ ಹುಳು ಸಾಕುವ ಆರು ಮನೆಗಳಲ್ಲಿ ಸೋಂಕಿತರನ್ನು ಪ್ರತ್ಯೇಕವಾಗಿರಿಸುವ ಉಪಾಯವನ್ನು ರೂಪಿಸಿದ್ದಾರೆ" ಎಂದೂ ಬರೆದೆ. ಮಾದಮ್ಮನ ಹೆಸರು ಎಲ್ಲೂ ಬರಲಿಲ್ಲ. ಹಾಳೆಯನ್ನು ಕವರಿಗೆ ಹಾಕಿ, ಹನೂರಿಗೆ ಮೀಟಿಂಗಿಗೆ ಹೊರಟಿದ್ದ ಪುಟ್ಟಮಾದಮ್ಮನ ಕೈಗೇ ಕೊಟ್ಟೆ. ಕವರನ್ನು ಅಂಟಿಸಿರಲಿಲ್ಲ. ಆಕೆ ಓದಿಯಾಳು ಎಂದು ನನಗೆ ಹೊಳೆಯಲೂ ಇಲ್ಲ. ಅಷ್ಟು ಸಸಾರ.

ಸನ್ಮಾನದ ದಿನ ಅವ್ವನೂ ಬಂದಿದ್ದಳು. ಪುಟ್ಟಮಾದಮ್ಮ ಗುಲಾಬಿ ಬಣ್ಣದ ಆಶಾ ಸೀರೆಯನ್ನು ಇಸ್ತ್ರಿ ಮಾಡಿಸಿ ಉಟ್ಟು, ನನಗೆಂದು ಎರಡು ಮೊಳ ಮಲ್ಲಿಗೆ ತಂದಿದ್ದಳು. ನಾನು ವೇದಿಕೆಗೆ ಹೋಗುವಾಗ ನನ್ನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೈಕಿನಲ್ಲಿ ನನ್ನ ಹಾಳೆಯನ್ನು ಓದಿದರು. "ಏಳು ಮನೆಗಳಲ್ಲಿ" ಎಂದರು. ತಪ್ಪು ಓದಿದರಲ್ಲ ಎಂದುಕೊಂಡೆ. ಹಾರ ಹಾಕಿಸಿಕೊಂಡು ನೋಡಿದರೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಆಕೆ. ಕೆಳಗಿಳಿದು ಬಂದಾಗ ಅವ್ವ ಕೇಳಿದ್ದು ಒಂದೇ ಮಾತು. "ಮಾದಮ್ಮಂಗ ಏನೂ ಕೊಡ್ನಿಲ್ವಾ?"

ಆ ಶಾಲನ್ನು ನಾನು ಒಂದು ದಿನವೂ ಹೊದೆಯಲಿಲ್ಲ.

ಆಮೇಲೆ ಎರಡು ವರ್ಷ ಜೊತೆಯಲ್ಲೇ ಕೆಲಸ ಮಾಡಿದೆವು. ಹೇಳಬೇಕು, ಹೇಳಬೇಕು ಎಂದುಕೊಂಡೇ ದಿನ ಹೋದವು. ಯಳಂದೂರಿನ ಕಡೆಗೆ ನನಗೆ ವರ್ಗವಾಯಿತು. ಹೊರಡುವ ದಿನ ಪುಟ್ಟಮಾದಮ್ಮ ನನ್ನ ಬುಟ್ಟಿ ಹಿಡಿದುಕೊಂಡು ಬಸ್ ಸ್ಟಾಪಿನವರೆಗೆ ನಡೆದು ಬಂದಳು. ಬಸ್ಸು ತಡವಾಗಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು, "ಮಾದಮ್ಮ, ಆವತ್ತು ಸನ್ಮಾನಕ್ಕೆ ಬರೆದ ಕಾಗದದಲ್ಲಿ ನಾನು" ಎಂದು ತೊದಲಿದೆ.

"ಗೊತ್ತು ಸಿಸ್ಟರ್. ಕವರ್ ಅಂಟ್ಸಿರ್ನಿಲ್ಲ ನೀವು. ಬಸ್ಸಲ್ಲೇ ಓದ್ಬುಟ್ಟೆ."

"ಯಾಕೆ ಸುಮ್ಮನಿದ್ದೆ ಮಾರಾಯ್ತಿ?" ಎಂದೆ.

"ನಂಗೂ ಒಟ್ಟೆ ಉರೀತು ಕಣ್ರಿ, ಸುಳ್ಳ್ಯಾಕ ಯೋಳ್ಲಿ. ಅರ್ದು ಕಿಟಕೀಲಿ ಬಿಸಾಕ್ಬೇಕು ಅಂತ ಕೈನೂ ಓಯ್ತು. ಅರ್ದ್ರೆ ಹುಳದ ಮನೆ ಕೊಟ್ಟೋರ್ ಮಾಡಿದ್ದೂ ಓಯ್ತದಲ್ಲ ಅಂತ ಸುಮ್ಕಾದೆ. ಬರೀ ಆರು ಮನೆ ಅಂತ ಬರ್ದಿದ್ರಿ. ಅದ್ನ ವಡ್ದಾಕಿ ಏಳು ಅಂತ ಮಾಡ್ದೆ."

"ಆರೇ ಅಲ್ಲವಾ?"

"ಏಳು. ಒಂದ್ ಮನೆಯೋರು ಸಿಸ್ಟರ್ಗ ಮಾತ್ರ ಯೋಳ್ಬ್ಯಾಡ ಅಂದಿದ್ರು. ದಿನಾ ಓಗಿ ನೋಡ್ಕಂಡು ಬತ್ತಿದ್ದೆ. ಹುಸಾರಾದ್ರು."

"ಯಾರ ಮನೆ?"

"ಯೋಳ್ಬ್ಯಾಡ ಅಂದವ್ರೆ ಅಂದ್ನಲ್ಲ" ಎಂದು ನಕ್ಕು, ಬುಟ್ಟಿಯನ್ನು ಬಸ್ಸಿನೊಳಗೆ ಎತ್ತಿ ಕೊಟ್ಟಳು. ಬಸ್ಸು ಹೊರಟಾಗ, ಕ್ಷಮಿಸು ಎನ್ನಲೇ ಇಲ್ಲವೆಂದು ನೆನಪಾಯಿತು.

ಹೋದ ವರ್ಷ, ಎದೆನೋವು ಎಂದು ಕೂತವಳು ಏಳಲಿಲ್ಲವಂತೆ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಆಕೆಯ ಮನೆ ಮುಂದೆ ಊರೇ ಕೂತಿತ್ತು. ಸಿದ್ದಪ್ಪನೂ ಅವನ ಹೆಂಡತಿಯೂ ಇದ್ದರು. ಅವರೂ ಸೇರಿ ನನಗೆ ಗೊತ್ತಿದ್ದ ಆರು ಮನೆಯವರೂ ಇದ್ದರು. ಏಳನೆಯವರು ಯಾರು ಎಂದು ಒಂದೊಂದೇ ಮುಖ ನೋಡುತ್ತಾ ಹೋದೆ. ಅವರೂ ಅಲ್ಲೇ ಎಲ್ಲೋ ಕೂತಿದ್ದರು. ನನ್ನನ್ನು ಕಂಡು ಎಲ್ಲರೂ ತಲೆಯಾಡಿಸಿದರು. ಸತ್ತವಳ ಮನೆ ಮುಂದೆ ನಿಂತು ನನಗೆ ಹೊಟ್ಟೆ ಉರಿಯಿತು. ಆ ಒಂದು ಬಾಗಿಲು ಆಕೆಗೆ ಮಾತ್ರ ತೆರೆದದ್ದು, ಈಗ ಆಕೆಯೂ ಇಲ್ಲ.

ಅಳು ಬಂತು. ಚಪ್ಪಲಿ ಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆಯನ್ನು ನೋಡಿ, "ಕಾಲ್ಗ ವಸಿ ನೀರ್ ಕೊಡವ್ವ" ಎಂದೆ.