ಓಬಮ್ಮ ಕಾಯುವ ಡಬ್ಬಿ

ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅತ್ತೆ ಕೊಟ್ಟೂರಿನಿಂದ ಬರುತ್ತಾರೆ. ಬಂದವರು ಕಾಲು ತೊಳೆದು, ನೀರು ಕುಡಿಯುವುದಕ್ಕೂ ಮೊದಲು ಮೊಮ್ಮಗಳ ಕೊರಳಿಗೆ ಕೈ ಹಾಕುತ್ತಾರೆ. ಶಿವದಾರ ಸವೆದಿದೆಯೇ, ಲಿಂಗವಿಟ್ಟ ಬೆಳ್ಳಿ ಕರಡಿಗೆಯ ಮುಚ್ಚಳ ಸಡಿಲವಾಗಿದೆಯೇ ಎಂದು ನೋಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂಜೆ ಮಾಡಿಸುತ್ತಾರೆ. ಪ್ರತಿ ಸೋಮವಾರದ ಕ್ರಮ ಇದು. ಈ ಸೋಮವಾರ ಕೈ ಹಾಕಿದರೆ ಅಲ್ಲಿ ಏನೂ ಇರುವುದಿಲ್ಲ.

ಹಗರಿಬೊಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯ ಬಚ್ಚಲಿನಲ್ಲಿ, ಶನಿವಾರ ಸಂಜೆ, ಮಗಳ ಮೈಗೆ ಎರಡನೇ ಚೊಂಬು ನೀರು ಹಾಕುವಾಗ ಇದು ನನ್ನ ಕಣ್ಣಿಗೆ ಬಿತ್ತು.

"ಭೂಮಿ, ಕರಡಿಗೆ ಎಲ್ಲೇ?"

"ಡಬ್ಬ್ಯಾಗ ಇಟ್ಟೀನಿ," ಎಂದಳು ನಾಲ್ಕು ವರ್ಷದ ಭೂಮಿಕಾ, ಕಣ್ಣಿನ ಸೋಪು ಒರೆಸಿಕೊಳ್ಳುತ್ತ.

"ಯಾವ ಡಬ್ಬಿ?"

"ಗುಡ್ಡದ ಡಬ್ಬಿ. ಒಂದು ತಗೊಂಡ್ರ ಒಂದು ಇಡಬೇಕು, ಚೊಲೋದು ಇಡಬೇಕು ಅಂತ ನೀನೇ ಅಂದಿ."

ಅಂದಿದ್ದೆ.

ಜಿಯೋಕ್ಯಾಶಿಂಗ್ ಎಂಬ ಒಂದು ಆಟವಿದೆ. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಗುರುತನ್ನು ಆ್ಯಪಿಗೆ ಹಾಕಿರುತ್ತಾರೆ. ಫೋನಿನ ಬಾಣ ತೋರಿಸಿದ ಕಡೆ ಹೋಗಿ ನಾವು ಹುಡುಕಬೇಕು. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆಯಬೇಕು. ಬೇಕಿದ್ದರೆ ಒಳಗಿನ ಸಾಮಾನೊಂದನ್ನು ತೆಗೆದುಕೊಂಡು ಬದಲಿಗೆ ನಮ್ಮದೊಂದು ಇಟ್ಟು, ಡಬ್ಬಿಯನ್ನು ಮತ್ತೆ ಅಲ್ಲೇ ಬಚ್ಚಿಟ್ಟು ಬರಬೇಕು. ಬಹುಮಾನವೇನೂ ಇಲ್ಲ. ಮೈಸೂರಿನ ಗೆಳತಿಯೊಬ್ಬಳು ಇದನ್ನು ನನಗೆ ಹೇಳಿಕೊಟ್ಟಳು. ನಾನು ಮೈಸೂರಿನಲ್ಲೇ ಓದಿದವಳು. ಮದುವೆಯಾಗಿ ಐದು ವರ್ಷವಾದರೂ ಈ ಕಡೆಯ ಬಯಲು ನನಗೆ ಒಗ್ಗಿರಲಿಲ್ಲ. ಮಗಳನ್ನು ಹೊರಗೆ ಬಿಟ್ಟರೆ ಹಾವಿನ ಭಯ, ಒಳಗಿಟ್ಟುಕೊಂಡರೆ ಮೊಬೈಲಿನ ಭಯ. ಹೊರಗೂ ಹೋದಂತಾಯಿತು, ಮೊಬೈಲೂ ನನ್ನ ಕೈಯಲ್ಲೇ ಇದ್ದಂತಾಯಿತು ಎಂದುಕೊಂಡು ಶುರುಮಾಡಿದೆ.

ಮೊದಲ ಸಲ ಹೊಳಲಿಗೆ ಹೋದೆವು. ಅನಂತಶಯನನ ದರ್ಶನ ಮಾಡಿ ಹೊರಗೆ ಬಂದು, ಆ್ಯಪ್ ತೋರಿಸಿದ ಕಲ್ಲುಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಸಂದುಗೊಂದು ತಡಕುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಿಂತರು.

"ಏನ್ ಕಳಕೊಂಡ್ರಿ ತಂಗಿ?"

ಜಿಯೋಕ್ಯಾಶಿಂಗ್ ಎಂದು ಹೇಗೆ ಹೇಳಲಿ? "ಕಿವಿಯೋಲೆ" ಅಂದುಬಿಟ್ಟೆ.

ಐದು ನಿಮಿಷದಲ್ಲಿ ಎಂಟು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಮಣ್ಣು ಕೆದರುತ್ತಿದ್ದರು. ಒಬ್ಬಾಕೆ ಮನೆಯಿಂದ ಜರಡಿ ತಂದರು. ಇನ್ನೊಬ್ಬರು ಬೆವರು ಒರೆಸಿಕೊಳ್ಳುತ್ತ, "ಇನ್ನೊಂದು ಕಿವ್ಯಾಗಿಂದು ತೋರಸ್ರಿ, ಎಂಥಾದು ಅಂತ ಗೊತ್ತಾದ್ರ ಹುಡುಕಾಕ ಸಲೀಸು" ಅಂದರು. ನನ್ನ ಎರಡೂ ಕಿವಿಯಲ್ಲಿ ಓಲೆ ಇದ್ದವು. ಆ ಡಬ್ಬಿ ಸಿಗಲಿಲ್ಲ. ಪುಣ್ಯಕ್ಕೆ ಹಡಗಲಿ ಬಸ್ಸು ಸಿಕ್ಕಿತು.

ಎರಡನೆಯದು ಈ ಶನಿವಾರದ್ದು. ಕೂಡ್ಲಿಗಿ ದಾಟಿ ಕಾನಹೊಸಹಳ್ಳಿಯಲ್ಲಿ ಇಳಿದು, ಆಟೋದಲ್ಲಿ ಒಂದಷ್ಟು ದೂರ ಹೋಗಿ, ಶೇಂಗಾ ಹೊಲಗಳ ಆಚೆಯ ಕಲ್ಲುಗುಡ್ಡಕ್ಕೆ ನಡೆದೆವು. ಹತ್ತು ಹೆಜ್ಜೆ ಹತ್ತಿರ ಬಂದ ಮೇಲೆ ಫೋನಿನ ಬಾಣಕ್ಕೇ ದಾರಿ ತಪ್ಪಿತು. ಒಮ್ಮೆ ಜಾಲಿಪೊದೆ ತೋರಿಸಿತು, ಒಮ್ಮೆ ನಾವು ಬಂದ ದಾರಿಯನ್ನೇ ತೋರಿಸಿತು. ಅಳು ಬರುವ ಹೊತ್ತಿಗೆ, ಉಚ್ಚೆಗೆಂದು ಕಮರದ ಮರದ ಹಿಂದೆ ಕೂತ ಭೂಮಿ, "ಅಮ್ಮಾ, ಇಲ್ಲಿ ನೀಲಿ ಐತಿ" ಎಂದಳು. ಬಂಡೆಯ ಸಂದಿನಲ್ಲಿ ನೀಲಿ ಮುಚ್ಚಳದ ಡಬ್ಬಿ! ನಾನು ಕುಣಿದುಬಿಟ್ಟೆ. ಹತ್ತನೇ ತರಗತಿಯ ಫಲಿತಾಂಶಕ್ಕೂ ಹಾಗೆ ಕುಣಿದವಳಲ್ಲ.

ಒಳಗೆ ಗೋಲಿಗಳು, ಪ್ಲಾಸ್ಟಿಕ್ಕಿನ ಆನೆ, ಹಿತ್ತಾಳೆಯ ಪುಟ್ಟ ಗಂಟೆ, ಪೆನ್ಸಿಲ್ ತುಂಡು, ಪುಸ್ತಕ. ಮೂರು ವರ್ಷದಲ್ಲಿ ನಾಲ್ಕೇ ಹೆಸರು. ಉಳಿದ ಪುಟಗಳ ತುಂಬ ಸಾಲುಸಾಲಾಗಿ ನಿಂತ ಗೀಟುಗಳು. ಯಾವುದೋ ಮಗು ಗೀಚಿರಬೇಕು ಎಂದುಕೊಂಡೆ. ಐದನೇ ಹೆಸರಾಗಿ 'ಶಾಂಭವಿ ಮತ್ತು ಭೂಮಿಕಾ' ಎಂದು ಬರೆದು, ಗೆಳತಿಗೆ ಕಳಿಸಲು ಎಂಟು ಫೋಟೊ ತೆಗೆದೆ. ಭೂಮಿ ಗಂಟೆ ತೆಗೆದುಕೊಂಡದ್ದನ್ನು ನೋಡಿದೆ. ಏನಿಟ್ಟಳೆಂದು ನೋಡಲಿಲ್ಲ.

ಅವಳು ಹುಟ್ಟಿದಾಗ ಸ್ವಾಮಿಗಳು ಬಂದು ಕಟ್ಟಿದ ಲಿಂಗ ಅದು. ಕರಡಿಗೆ ಅತ್ತೆಯವರ ಅತ್ತೆಯದು. ಒಂದು ದಿನವೂ ಪೂಜೆ ತಪ್ಪಬಾರದು, ನೆಲಕ್ಕೆ ತಾಗಬಾರದು ಎಂದು ಅತ್ತೆ ನನಗೆ ಎಷ್ಟು ಸಲ ಹೇಳಿದ್ದರೋ. ಮನೆಯವರು, ಗಂಗಾಧರ್, ಬೋರ್‌ವೆಲ್ ಮೋಟಾರು ರಿಪೇರಿಗೆಂದು ಹರಪನಹಳ್ಳಿಗೆ ಹೋದವರು ಅಲ್ಲೇ ಉಳಿದಿದ್ದರು. ಅವರಿಗೆ ಹೇಳಿದರೆ ಮೊದಲು ತಾಯಿಗೆ ಫೋನ್ ಮಾಡುತ್ತಾರೆ. ಏಳು ಗಂಟೆಗೆ ಮೊಮ್ಮಗಳ ಜೊತೆ ಮಾತಾಡಲು ಅತ್ತೆಯದೇ ಫೋನು ಬಂತು. ಎತ್ತಲಿಲ್ಲ. ಮತ್ತೆರಡು ಸಲ ಬಂತು. ಫೋನನ್ನು ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತೆ.

ಭಾನುವಾರ ಮೊದಲ ಬಸ್ಸಿಗೆ ಭೂಮಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಟೆ. ಗುಡ್ಡಕ್ಕೆ ಓಡಿದೆ. ಡಬ್ಬಿ ಇತ್ತು. ಗೋಲಿ ಇದ್ದವು, ಆನೆ ಇತ್ತು. ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಹೊಸದೊಂದು ಗೀಟು ಇತ್ತು. ಕರಡಿಗೆ ಇರಲಿಲ್ಲ.

"ನಿನ್ನಿ ಬಂದಾಕಿ ನೀನೇ ಅಲ್ಲೇನು?"

ತಲೆ ಎತ್ತಿದೆ. ಬಂಡೆಯ ಮೇಲೆ ಅರವತ್ತರ ಆಸುಪಾಸಿನ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲು, ಕೈಯಲ್ಲಿ ಸೊಪ್ಪು ಕೊಯ್ಯುವ ದೋಟಿ. ಹಿಂದೆ ಮೂವತ್ತು ನಲವತ್ತು ಕುರಿ.

"ಹೌದು. ನಿಮಗೆ ಹೇಗೆ ಗೊತ್ತು?"

"ಈ ಕೂಸಿನ ಚಪ್ಪಲಿ ತಳದಾಗ ಹೂವಿನ ಚಿತ್ರ ಐತಿ. ಗುಡ್ಡದ ತುಂಬ ಹೂವು ಬಿಡಿಸಿ ಹೋಗೀರಿ. ಏನ್ ಹುಡುಕ್ತಿ?"

ಇನ್ನೊಂದು ಸುಳ್ಳಿಗೆ ನನ್ನಲ್ಲಿ ತ್ರಾಣವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ದಾರ ಯಾವ ಬಣ್ಣದ್ದು?"

"ಬಿಳಿ... ಅಲ್ಲ, ಹೋದ ತಿಂಗಳು ಅತ್ತೆ ಬದಲಾಯಿಸಿದ್ರು."

"ಎರಡ್ರಾಗ ಒಂದು ಹೇಳು."

"ಕೆಂಪು."

"ಹೂಂ. ನಿಂದ ಐತಿ." ಅವರು ಬಂಡೆಯಿಂದ ಇಳಿದರು. "ಆದ್ರ ನನ್ನ ಕಡಿಗಿಲ್ಲ."

ನಾನು ಕೂತಲ್ಲೇ ಅಳತೊಡಗಿದೆ. ಅವರಿಗೆ ಗಾಬರಿಯಾಯಿತು.

"ಏ, ಯವ್ವಾ, ಪೂರ್ತಿ ಕೇಳು! ನಮ್ದು ಕುರಿ ಕೊಯ್ಯೋ ಮನಿ. ಸಾರು ಕುದಿಯೋ ಮನ್ಯಾಗ ಲಿಂಗಪ್ಪನ್ನ ಹೆಂಗ ಇಡ್ಲಿ? ಇಲ್ಲೇ ಕಲ್ಲಿನ ಸಂದ್ಯಾಗ ಬಿಡಾಕ ಮನಸ್ಸಾಗಲಿಲ್ಲ. ಟವಲ್ಲು ತೊಳದು, ಹಿಂಡಿ, ಅದ್ರಾಗ ಸುತಗೊಂಡು ಊರಾಗಿನ ಎರ್ರಮ್ಮಗ ಕೊಟ್ಟು ಬಂದೀನಿ. ನಿಮ್ಮಂಗ ಲಿಂಗ ಕಟ್ಟೋರು ಅವರು. ಹಿಟ್ಟಿನ ಗಿರಣಿ ಏಕಾಂತಪ್ಪ ಇಲ್ಲೇನು, ಅವನ ತಾಯಿ."

ಅವರ ಹೆಸರು ಓಬಮ್ಮ. ಆ ಊರು ಅಲ್ಲಿಂದ ಎರಡು ಮೈಲಿ. ಶನಿವಾರ ಸಂಜೆ ಕುರಿಗಳನ್ನು ಹಟ್ಟಿಗೆ ಸೇರಿಸಿದ ಮೇಲೆ ಅವರು ಒಬ್ಬರೇ ಹೋಗಿ ಬಂದಿದ್ದರು. ಈಗ ಮೂವರೂ ಹೊರಟೆವು. ಕುರಿ ಮೇಯುತ್ತ ನಡೆಯುವ ನಡಿಗೆ. ನನ್ನ ಕಾಲು ಓಡುತ್ತಿತ್ತು, ಕುರಿಗಳಿಗೆ ಅವಸರವಿರಲಿಲ್ಲ.

ಕುರಿಯ ಹಿಂದೆ ಮೊದಲು ಹೋಗುತ್ತಿದ್ದವರು ಓಬಮ್ಮನ ಗಂಡ ಯರ್ರೆಪ್ಪ. ಅವರ ಮೊಣಕಾಲು ಕೈಕೊಟ್ಟಾಗ, ಕುರಿ ಮಾರೋಣ ಎಂದರಂತೆ. ಓಬಮ್ಮ ಮಾತಾಡದೆ ಗೂಟಕ್ಕೆ ನೇತು ಹಾಕಿದ್ದ ಗಂಡನ ಅಂಗಿ ತೊಟ್ಟು ದೋಟಿ ಹಿಡಿದು ಹೊರಟರು. ಇಪ್ಪತ್ತೆರಡು ವರ್ಷವಾಯಿತು. ಹೆಣ್ಣುಮಗಳು ಕುರಿ ಹಿಂದೆ ಹೋದರೆ ತೋಳ ನಗುತ್ತವೆ ಎಂದು ಹಟ್ಟಿಯವರು ಅಂದರಂತೆ.

"ನಗಲಿ ಬಿಡು, ನಕ್ಕೊಂತ ಕುಂತ ತೋಳ ಕುರಿ ಹಿಡಿಯಂಗಿಲ್ಲ ಅಂದೆ."

"ದಿನಾ ಎಣಿಸ್ತೀರಾ ಓಬಮ್ಮನವರೇ?" ಎಂದು ಕೇಳಿದೆ.

"ಅಯ್ಯ, ನವರು ಗಿವರು ಬ್ಯಾಡ, ಯಾರನ್ನೋ ಕರದಂಗಾಗ್ತೈತಿ. ಎಣಿಸಾಕ ಬರಂಗಿಲ್ಲ ನನಗ. ನಿಮ್ಮ ಮನ್ಯಾಗ ಊಟಕ್ಕ ಕುಂತಾಗ ಯಾರಿಲ್ಲ ಅಂತ ಎಣಿಸಿ ತಿಳ್ಕೊಂತಿಯೇನು? ಹಂಗ."

ಆ ಗುಡ್ಡದ ಸುತ್ತ ಏನು ಕಳೆದರೂ ಓಬಮ್ಮನಿಗೆ ಸಿಗುತ್ತದೆ, ಸಿಕ್ಕದ್ದು ಕಳೆದವರಿಗೆ ತಲುಪುತ್ತದೆ. ಬೈಕಿನ ಕೀಲಿ, ಕನ್ನಡಕ, ಒಂದೇ ಕಾಲಿನ ಚಪ್ಪಲಿ. ಒಮ್ಮೆ ಪೊದೆಯಲ್ಲಿ ಮೊಬೈಲು ಹೊಡೆದುಕೊಳ್ಳುತ್ತಿತ್ತಂತೆ. ಎತ್ತಿ, "ನಿಮ್ಮ ಫೋನು ಇಲ್ಲಿ ಕುರಿ ಕಾಯಾಕತ್ತೈತಿ, ಬಂದು ಒಯ್ರಿ" ಎಂದರಂತೆ.

"ಮತ್ತೆ ಆ ಡಬ್ಬಿ?"

"ಅದಾ! ಮೂರು ವರ್ಷದ ಹಿಂದ ಇಬ್ರು ಬೈಕಿನ್ಯಾಗ ಬಂದು ಇಟ್ಟು ಹೋದ್ರು. ನಿಧಿ ಕಳ್ಳರು ಏನೋ ಗುರ್ತು ಇಟ್ಟಾರ ಅಂದ್ಕೊಂಡೆ. ನಮ್ಮ ಯಜಮಾನ, ಮಾಟ ಇರಬೇಕು, ಮುಟ್ಟಬ್ಯಾಡ ಅಂದ. ಎರಡು ದಿನ ಕುರೀನ ಆ ಕಡಿಗೆ ಬಿಡಲಿಲ್ಲ. ಮೂರನೇ ದಿನ ದೂರ ನಿಂತು ದೋಟಿಲಿಂದ ಮುಚ್ಚಳ ಎಬ್ಬಿಸಿದೆ. ಒಳಗ ನೋಡಿದ್ರ ಆನಿ! ಮಾಟ ಮಾಡೋರು ಪಿಲಾಸ್ಟಿಕ್ ಆನಿ ಇಡ್ತಾರೇನು? ಯಾರೋ ಹುಡುಗರು ಬಚ್ಚಿಟ್ಟಾರ, ಮತ್ತ ಬರ್ತಾರ ಅಂತ ಅಂದಿನಿಂದ ನೋಡಿಕೊಂತ ಬಂದೀನಿ."

ಮಳೆಗಾಲದಲ್ಲಿ ಡಬ್ಬಿಗೆ ಗೊಬ್ಬರದ ಚೀಲ ಹೊದಿಸಿದ್ದರು. ಇರುವೆ ಹತ್ತಿದಾಗ ಬಿಸಿಲಿಗೆ ಹಿಡಿದಿದ್ದರು. ಪ್ರತಿ ಸಲ ನೋಡಿದ್ದಕ್ಕೆ ಒಂದು ಗೀಟು. ಪುಸ್ತಕದ ತುಂಬ ಇದ್ದ ಆ ಗೀಟುಗಳು ಓಬಮ್ಮನವು. ನಾನು ಆಟದ ನಿಯಮ ವಿವರಿಸಿದೆ. ಓಬಮ್ಮ ನಿಂತು ಕೇಳಿದರು.

"ಇಷ್ಟ? ಹುಡುಕೋದು, ಗುರ್ತು ಹಾಕೋದು, ಮತ್ತ ಅಲ್ಲೇ ಇಡೋದು?"

"ಅಷ್ಟೇ."

"ಅದಕ್ಕ ಅಷ್ಟು ದೊಡ್ಡ ಫೋನ್ ಬೇಕೇನ?"

ಭೂಮಿ ಅಷ್ಟರಲ್ಲಿ ಜೇಬಿನಿಂದ ಗಂಟೆ ತೆಗೆದು ಅಲ್ಲಾಡಿಸಿದಳು. ಮುಂದಿನ ಕುರಿಗಳೆಲ್ಲ ತಿರುಗಿ ನೋಡಿದವು. ಅದೂ ಓಬಮ್ಮನದೇ. ಮುದಿಯಾಗಿ ಸತ್ತ ಕುರಿಯೊಂದರ ಕೊರಳಿನದನ್ನು, ಯಾರಾದರೂ ಮಕ್ಕಳು ಆಡಲಿ ಎಂದು ಡಬ್ಬಿಯಲ್ಲಿ ಇಟ್ಟಿದ್ದರು. ನಾನು ಅವಸರದಲ್ಲಿ ವಾಪಸು ಕೊಡಿಸಲು ಹೋದೆ.

"ಇರಲಿ ಬಿಡು. ನಿಮ್ಮ ಆಟ ಸರಿಯಾಗಿ ಆಡಿದಾಕಿ ಇಕಿ ಒಬ್ಬಾಕಿ," ಎಂದು ಓಬಮ್ಮ ಅವಳ ಗಲ್ಲ ಹಿಂಡಿದರು.

ಎರ್ರಮ್ಮನ ಮನೆಯ ಮುಂದೆ ಓಬಮ್ಮ ಕುರಿಗಳ ಜೊತೆ ಹೊರಗೇ ನಿಂತರು. ನಾನು ಒಳಗೆ ಹೋದೆ. ದೇವರ ಜಗುಲಿಯ ಮೇಲೆ, ತೊಳೆದ ಬಿಳಿ ಬಟ್ಟೆಯ ಮೇಲೆ, ನಮ್ಮ ಕರಡಿಗೆ. ವಿಭೂತಿ, ಎರಡು ಪತ್ರಿ, ಮುಂದೆ ಉರಿಯುತ್ತಿದ್ದ ದೀಪ. ಕೈ ಮುಗಿದೆ.

"ಯಾರದರ ಇರಲಿ, ಲಿಂಗಪ್ಪ ಉಪಾಸ ಇರಬಾರದಲ್ಲವ್ವಾ," ಎಂದರು ಎರ್ರಮ್ಮ, ಭೂಮಿಯ ಕೊರಳಿಗೆ ದಾರ ಹಾಕುತ್ತ. "ನಿನ್ನಿ ಸಂಜೀದೂ ಆತು, ಮುಂಜಾನೀದೂ ಆತು. ಯಾವೂರು ನಿಮ್ದು? ಕೊಟ್ಟೂರಾ? ಯಾರ ಪೈಕಿ?"

ಹೇಳಿದೆ.

"ಪುಷ್ಪಲತಾನ ಸೊಸಿಯೇನು! ಆಕಿ ತವರೂರಾಗ ನಮ್ಮಕ್ಕನ ಮನಿ ಐತಲ್ಲ! ಇರಲಿ, ಇರಲಿ, ನಾನೇನು ಯಾರ ಮುಂದೂ ಆಡಂಗಿಲ್ಲ."

ಹೊರಗೆ ಬಂದಾಗ ಓಬಮ್ಮ ನಗುತ್ತಿದ್ದರು. "ಎರ್ರಮ್ಮ ಆಡಂಗಿಲ್ಲ ಅಂದ್ಲೇನು? ಹಂಗಾರ ಸಂಜಿಯೊಳಗ ಕೊಟ್ಟೂರಿಗೆ ಮುಟ್ಟತೈತಿ ಬಿಡು."

ಅದಕ್ಕೆ ಹೆದರಿ ಅತ್ತೆಗೆ ಫೋನ್ ಮಾಡಿದೆ ಅಂದರೆ ಪೂರ್ತಿ ನಿಜವಲ್ಲ. ಬಸ್ಸಿನ ರಸ್ತೆಯವರೆಗೂ ಬಿಟ್ಟು ಬರುತ್ತೇನೆಂದು ಓಬಮ್ಮ ಮುಂದೆ ನಡೆಯುತ್ತಿದ್ದರು. ತೊಳೆದು ಹಿಂಡಿದ ಆ ಟವೆಲು ಈಗ ಅವರ ತಲೆಯ ಮೇಲಿತ್ತು. ಕರಡಿಗೆ ಸಿಕ್ಕಿದೆ, ಸೋಮವಾರ ಅತ್ತೆ ಕೈ ಹಾಕಿದರೆ ಕೊರಳಲ್ಲಿ ಇರುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಚಾವು. ಆದರೆ ಕಳೆದದ್ದು ಹೇಳದಿದ್ದರೆ ಈ ಹೆಂಗಸು ಕತ್ತಲಾಗುವ ಹೊತ್ತಲ್ಲಿ ಎರಡು ಮೈಲಿ ನಡೆದದ್ದನ್ನೂ ಹೇಳುವಂತಿಲ್ಲ. ಬೇವಿನ ಮರದ ಕೆಳಗೆ ನಿಂತು ನಂಬರು ಒತ್ತಿದೆ.

"ಶಾಂಭವೀ? ನಿನ್ನಿಯಿಂದ ಫೋನ್ ಯಾಕ ಎತ್ತವಲ್ಲಿ? ಕೂಸು ಅರಾಮ ಅದಾಳಿಲ್ಲ?"

"ಆರಾಮಾಗಿದ್ದಾಳೆ ಅತ್ತೆ. ಒಂದು ವಿಷಯ ಹೇಳಬೇಕು." ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಡಬ್ಬಿ, ಗಂಟೆ, ಗುಡ್ಡ, ಓಬಮ್ಮ, ಎರ್ರಮ್ಮ. ಹೊಳಲಿನ ಕಿವಿಯೋಲೆಯನ್ನೂ ಹೇಳಿಬಿಟ್ಟೆ.

ಅತ್ತೆ ಒಂದೊಂದನ್ನೇ ಮತ್ತೆ ಕೇಳಿದರು.

"ಪೂಜಿ ತಪ್ಪಿಲ್ಲ ಅಂದಿ."

"ಇಲ್ಲ ಅತ್ತೆ."

"ಆ ಹೆಣಮಗಳು ಹೋಗಿ ಬರಾಕ ನಾಕು ಮೈಲಿ ನಡದಾಳ."

"ಹೂಂ."

"ಆಕಿಗೆ ಏನ್ ಕೊಟ್ಟಿ?"

ನನ್ನ ಚೀಲದಲ್ಲಿ ನೀರಿನ ಬಾಟಲಿ, ಭೂಮಿಯ ಒಂದು ಜೊತೆ ಬಟ್ಟೆ, ಪವರ್ ಬ್ಯಾಂಕ್ ಇದ್ದವು. "ಏನೂ ಇಲ್ಲ ಅತ್ತೆ."

"ಏನೂ ಇಲ್ಲ! ಬರಿಗೈಲಿ ಹೋಗಿ ಬರಿಗೈಲಿ ನಿಂತೀಯೇನು? ಒಂದು ಹಿಡಿ ಮಂಡಕ್ಕಿ ಕಟ್ಟಿಕೊಂಡು ಹೋಗಾಕ ಆಗಲಿಲ್ಲೇನು ನಿನಗ? ಮೈಸೂರಾಗ ಇದನ್ನ ಕಲಿಸ್ಯಾರೇನು?"

ಬೈಗುಳ ಸುರಿಯುತ್ತಲೇ ಇತ್ತು. ನನ್ನ ಹೆಗಲು ಹಗುರಾಗುತ್ತಲೇ ಇತ್ತು. ನಿನ್ನೆಯಿಂದ ನಾನು ಎದುರು ನೋಡಿದ್ದ ಬೈಗುಳ ಇದಲ್ಲ.

"ಆಕಿ ಅಲ್ಲೇ ಅದಾಳೇನು? ಕೊಡು ಫೋನು."

ಕೊಟ್ಟೆ. ಓಬಮ್ಮ ಫೋನನ್ನು ಬಾಯಿಗೆ ಅಡ್ಡ ಹಿಡಿದು, ಕೊಟ್ಟೂರಿಗೆ ನೇರ ಕೇಳಿಸುವಂತೆ ಕೂಗಿದರು. "ಹ್ಞೂನ್ರಿ ಯವ್ವಾ, ನಾನ್ರಿ! ಅಯ್ಯ, ಅದರಾಗೇನೈತ್ರಿ... ಇಲ್ರಿ, ಪಾಪ, ಬೈಬ್ಯಾಡ್ರಿ, ಭಾಳ ಅತ್ತಾಳ... ಮೊಣಕಾಲ? ನಮ್ಮ ಯಜಮಾನಂದ್ರಿ. ನಿಮಗೂ ಐತೇನ್ರಿ? ಯಾವ ಎಣ್ಣಿ ಹಚ್ತೀರಿ?"

ಕೂಡ್ಲಿಗಿ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಭೂಮಿ ನನ್ನ ಕೈ ಎಳೆದಳು. ಓಬಮ್ಮ ಇನ್ನೂ ಎಣ್ಣೆಯ ವಿಷಯದಲ್ಲೇ ಇದ್ದರು. ಬಸ್ಸಿಗೆ ನಾನು ಕೈ ಮಾಡಲಿಲ್ಲ.